ಬಸುರಿಯಲ್ಲಿ ಏನಾದರೂ ತಪ್ಪಿತಾ? ಆಟಿಸಂ ಬಗ್ಗೆ ಒಂದು ಪ್ರಶ್ನೆ

ಅಂಕೋಲಾ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಎರಡೂವರೆ ವರ್ಷ. ಹೋದ ತಿಂಗಳು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು, ಆಟಿಸಂ ಅಂದರು. ಹೆಸರು ಹಿಡಿದು ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ. ಆದರೆ ಕೊಂಕಣ ರೈಲು ಇನ್ನೂ ದೂರ ಇರುವಾಗ, ನಮಗ್ಯಾರಿಗೂ ಸದ್ದು ಕೇಳುವ ಮೊದಲೇ, ಓಡಿ ಹೋಗಿ ಕಿಟಕಿಯ ಸರಳು ಹಿಡಿದು ನಿಂತಿರುತ್ತಾನೆ. ಸ್ಟೀಲ್ ಡಬ್ಬಿಯ ಮುಚ್ಚಳ ಕೈಗೆ ಸಿಕ್ಕರೆ ನೆಲದ ಮೇಲೆ ತಿರುಗಿಸುತ್ತಾನೆ, ಅದು ಬೀಳುವ ಹೊತ್ತಿಗೆ ಮತ್ತೆ ತಿರುಗಿಸುತ್ತಾನೆ, ಅರ್ಧ ಗಂಟೆಯಾದರೂ ಅದೇ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನನ್ನ ಕೈಯನ್ನೇ ಬಿಸ್ಕತ್ತಿನ ಡಬ್ಬಿಯ ಮೇಲೆ ಇಡುತ್ತಾನೆ.

ಬಸುರಿಯ ಕಥೆಯನ್ನೂ ಹೇಳುತ್ತೇನೆ. ನಾಲ್ಕನೇ ತಿಂಗಳಲ್ಲಿ ಮಳೆಗಾಲದ ಜ್ವರ ಬಂತು, ಪ್ಯಾರಾಸಿಟಮಾಲ್ ತಗೊಂಡೆ. ಏಳು ತುಂಬಿದ ಮೇಲೆ ಬಿಪಿ ಏರಿತು. 32ನೇ ವಾರಕ್ಕೆ ಆಪರೇಷನ್ ಮಾಡಿ ತೆಗೆದರು. ತೂಕ ಒಂದೂಮುಕ್ಕಾಲು ಕೆಜಿಯೂ ಇರಲಿಲ್ಲ. ಎನ್‌ಐಸಿಯು ಅಂದರೆ ಎಳೆಗೂಸುಗಳ ತೀವ್ರ ನಿಗಾ ಘಟಕದಲ್ಲಿ ಇಟ್ಟರು, ಕಾಮಾಲೆ ಅಂತ ನೀಲಿ ಲೈಟಿನ ಕೆಳಗೂ ಮಲಗಿಸಿದರು.

ಈಗ ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಗ್ರಹಣದ ದಿನ ಹೊರಗೆ ಬಂದಿದ್ದಳು ಅಂತ ಒಬ್ಬರು, ದಿನಾ ಬಂಗಡೆ ತಾರ್ಲೆ ತಿಂದದ್ದಕ್ಕೆ ಅಂತ ಇನ್ನೊಬ್ಬರು. ಅಮೆರಿಕದ ಅಧ್ಯಕ್ಷರೇ ಜ್ವರದ ಗುಳಿಗೆಯಿಂದ ಆಟಿಸಂ ಬರ್ತದೆ ಅಂದಿದ್ದಾರೆ ಎಂದು ನಾದಿನಿ ವಿಡಿಯೋ ಕಳಿಸಿದಳು. ಅತ್ತೆ ಜೋರು ಮಾಡುವವರಲ್ಲ. ಆದರೂ "ನಮ್ಮ ಮನೆತನದಲ್ಲಿ ಹೀಗೆ ಯಾರೂ ಇರಲಿಲ್ಲ" ಎಂದು ಪಕ್ಕದ ಮನೆಯವರ ಹತ್ತಿರ ಹೇಳಿದ್ದು ಕಿವಿಗೆ ಬಿತ್ತು. ತಿಳಿದವರು ಹೇಳಿ, ಇದರಲ್ಲಿ ಯಾವುದರಿಂದ ಆಯಿತು?

ಹೊನ್ನಾವರ ಸಿಸ್ಟರ್

ಮೀನಿನ ಮಾತು ನಾನೇ ಮುಗಿಸುತ್ತೇನೆ ತಂಗಿ, ಹೆರಿಗೆ ವಾರ್ಡಿನಲ್ಲಿ ಇದನ್ನು ಹೇಳಿ ಹೇಳಿ ರೂಢಿ. ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿ ಬಸುರಿಯರು ವಾರಕ್ಕೆ ಹತ್ತಾರು ಸಲ ಮೀನು ತಿನ್ನುತ್ತಾರೆ. ಅಲ್ಲಿಯ ತಾಯಂದಿರ ಕೂದಲಿನಲ್ಲಿದ್ದ ಪಾದರಸವನ್ನು ಅಳೆದು, ಮಕ್ಕಳು ದೊಡ್ಡವರಾಗುವ ತನಕ ನೋಡಿದ್ದಾರೆ. 2013ರಲ್ಲಿ ಬಂದ ಫಲಿತಾಂಶದಲ್ಲಿ ಆ ಪಾದರಸಕ್ಕೂ ಆಟಿಸಂ ಲಕ್ಷಣಕ್ಕೂ ನಂಟು ಕಾಣಲಿಲ್ಲ. ಮೋರಿಯಂಥ (ಶಾರ್ಕ್) ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು ಕೂಡಿರುತ್ತದೆ, ಬಸುರಿಯರು ಅದನ್ನು ಬಿಡಬೇಕು. ಬಂಗಡೆ, ತಾರ್ಲೆ, ನೊಗ್ಲಿ ಸಣ್ಣ ಮೀನು. ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಅದರಲ್ಲೇ ಇರುವುದು. ನೀವು ತಿಂದದ್ದು ಒಳ್ಳೆಯದೇ ಆಯಿತು. ಗ್ರಹಣದ್ದಕ್ಕೆ ನಾನು ಉತ್ತರವನ್ನೂ ಕೊಡುವುದಿಲ್ಲ. ಉಳಿದದ್ದನ್ನು ಡಾಕ್ಟರು ಹೇಳಲಿ.

ಶಿರಸಿ ಮಕ್ಕಳ ಡಾಕ್ಟರ್

ತಂಗಿ, ಆಟಿಸಂ ಯಾಕೆ ಬರುತ್ತದೆ ಎನ್ನುವುದು ಒಂದು ಪ್ರಶ್ನೆ, ನಿಮ್ಮ ಮಗನಿಗೆ ಯಾಕೆ ಬಂತು ಎನ್ನುವುದು ಬೇರೆ. ಮೊದಲನೆಯದಕ್ಕೆ ಇವತ್ತು ಸಾಕಷ್ಟು ಉತ್ತರ ಇದೆ. ಎರಡನೆಯದಕ್ಕೆ ಇಂಥದ್ದೇ ಎಂದು ಬೆರಳಿಟ್ಟು ತೋರಿಸಲು ಆಗುವುದು ಕೆಲವೇ ಮಕ್ಕಳಲ್ಲಿ, ಅದೂ ವಂಶವಾಹಿ ಪರೀಕ್ಷೆ ಮಾಡಿಸಿದ ಮೇಲೆ.

2019ರಲ್ಲಿ ಡೆನ್ಮಾರ್ಕ್, ಫಿನ್ಲೆಂಡ್, ಸ್ವೀಡನ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಸುಮಾರು 20 ಲಕ್ಷ ಮಕ್ಕಳ ದಾಖಲೆಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಆಟಿಸಂನ ಸಾಧ್ಯತೆಯಲ್ಲಿ ಕಾಣುವ ವ್ಯತ್ಯಾಸದ ಶೇ 80ರಷ್ಟು ಪಾಲು ವಂಶವಾಹಿಗಳದ್ದು ಎಂದು ತಿಳಿಯಿತು. ತಾಯಿಯ ಗರ್ಭದ ಪರಿಸರದ್ದೇ ಎನ್ನಬಹುದಾದ ಪಾಲನ್ನು ಅವರು ಬೇರೆಯಾಗಿ ಅಳೆದಿದ್ದರು. ಅದು ಶೇ 2ಕ್ಕೂ ಕಡಿಮೆ. ಮನೆಯವರಿಗೆ ಈ ಒಂದು ಅಂಕಿಯನ್ನು ಓದಿ ಹೇಳಿ.

"ಮನೆತನದಲ್ಲಿ ಯಾರೂ ಇರಲಿಲ್ಲ" ಎನ್ನುವುದಕ್ಕೂ ಉತ್ತರ ಇದೆ. ವಂಶವಾಹಿಯ ಬದಲಾವಣೆ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಮೂಡಬಹುದು. ಇಲ್ಲವೇ ಎರಡೂ ಕಡೆಯಿಂದ ಚೂರು ಚೂರು ಬಂದು ಮಗುವಿನಲ್ಲಿ ಸೇರಬಹುದು. ಅದಲ್ಲದೆ, ಹಿಂದೆ ಇಂಥವರಿಗೆ ಯಾರೂ ಹೆಸರಿಟ್ಟಿರಲಿಲ್ಲ. ಮದುವೆ ಮುಂಜಿಗೆ ಹೋಗದೆ, ಯಾರ ಮುಖವನ್ನೂ ನೋಡದೆ, ಮೂವತ್ತು ವರ್ಷದ ಅಡಿಕೆ ಧಾರಣೆಯನ್ನು ತಪ್ಪಿಲ್ಲದೆ ಒಪ್ಪಿಸುವ ದೊಡ್ಡಪ್ಪಂದಿರನ್ನು ಘಟ್ಟದ ಮೇಲೆ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಇನ್ನು ನಿಮ್ಮ ಬಸುರಿಯ ವಿಷಯ. ಅವಧಿಗೆ ಮೊದಲು ಹುಟ್ಟುವುದಕ್ಕೂ ಆಟಿಸಂಗೂ ನಂಟು ಇರುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಷ್ಟು ಎನ್ನುವುದನ್ನು ನೋಡಬೇಕು. ಸ್ವೀಡನ್‌ನಲ್ಲಿ 40 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಲೆಕ್ಕ ಇದು: ದಿನ ತುಂಬಿ ಹುಟ್ಟಿದವರಲ್ಲಿ ಆಟಿಸಂ ಶೇ 1.4, ನಿಮ್ಮ ಮಗನ ಹಾಗೆ 28ರಿಂದ 33 ವಾರದಲ್ಲಿ ಹುಟ್ಟಿದವರಲ್ಲಿ ಶೇ 2.6, 28 ವಾರಕ್ಕೂ ಮೊದಲೇ ಹುಟ್ಟಿದವರಲ್ಲಿ ಶೇ 6.1. ಅಂದರೆ 32 ವಾರಕ್ಕೆ ಹುಟ್ಟಿದ ನೂರು ಮಕ್ಕಳಲ್ಲಿ ತೊಂಬತ್ತೇಳಕ್ಕೆ ಆಟಿಸಂ ಇಲ್ಲ. ಅಪಾಯದ ಅಂಶ ಎಂದು ನಾವು ಹೇಳುವುದು ಈ ಅರ್ಥದಲ್ಲಿ. ಬಿಪಿ ಏರಿದವರಲ್ಲೂ ಸಾಧ್ಯತೆ ತುಸು ಹೆಚ್ಚು. ಅದು ನೀವು ತಂದುಕೊಂಡದ್ದಲ್ಲ. ಆ ಹೊತ್ತಿಗೆ ಆಪರೇಷನ್ ಮಾಡದಿದ್ದರೆ ನಿಮ್ಮಿಬ್ಬರ ಜೀವಕ್ಕೇ ಕುತ್ತು ಬರುತ್ತಿತ್ತು.

ಆಪರೇಷನ್ ಹೆರಿಗೆಯನ್ನೇ ದೂರುವವರೂ ಇದ್ದಾರೆ. ಸಿಸೇರಿಯನ್ ಆದ ಮಕ್ಕಳಲ್ಲಿ ಆಟಿಸಂ ಸ್ವಲ್ಪ ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡದ್ದು ಹೌದು. ಆದರೆ 2015ರಲ್ಲಿ ಸ್ವೀಡನ್‌ನವರು ಒಂದೇ ತಾಯಿಯ ಮಕ್ಕಳನ್ನು, ಒಬ್ಬ ಸಹಜ ಹೆರಿಗೆ ಇನ್ನೊಬ್ಬ ಸಿಸೇರಿಯನ್, ಹೋಲಿಸಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಜ್ವರದ ಗುಳಿಗೆಯ ಕಥೆಯೂ ಇದೇ. 2024ರಲ್ಲಿ ಪ್ರಕಟವಾದ, ಸುಮಾರು 25 ಲಕ್ಷ ಸ್ವೀಡಿಶ್ ಮಕ್ಕಳ ಅಧ್ಯಯನದಲ್ಲಿ ಅಣ್ಣತಮ್ಮಂದಿರನ್ನು ಹೋಲಿಸಿದಾಗ ಪ್ಯಾರಾಸಿಟಮಾಲ್‌ಗೂ ಆಟಿಸಂಗೂ ನಂಟು ಸಿಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಆ ಮಾತು ಆಡಿದ ಎರಡೇ ದಿನಕ್ಕೆ, ಅದಕ್ಕೆ ಖಚಿತವಾದ ಆಧಾರ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಬಸುರಿಯಲ್ಲಿ ಜ್ವರವನ್ನು ಹಾಗೇ ಬಿಟ್ಟರೇ ಚಿಂತೆ. ನಾರ್ವೆಯಲ್ಲಿ ಎರಡನೇ ತ್ರೈಮಾಸಿಕದಲ್ಲಿ ಜ್ವರ ಬಂದ ತಾಯಂದಿರ ಮಕ್ಕಳಲ್ಲಿ ಆಟಿಸಂ ಸಾಧ್ಯತೆ ಶೇ 40ರಷ್ಟು ಹೆಚ್ಚು ಕಂಡಿತ್ತು. ಡಾಕ್ಟರನ್ನು ಕೇಳಿ, ಬೇಕಾದಷ್ಟೇ ಗುಳಿಗೆ ತಗೊಂಡು ಜ್ವರ ಇಳಿಸಿಕೊಳ್ಳುವುದೇ ಸರಿ. ನೀವು ಮಾಡಿದ್ದು ಅದನ್ನೇ.

ಘಟ್ಟದ ಕೆಳಗಿನವ

ಡಾಕ್ಟರು ಇಷ್ಟೆಲ್ಲ ಹೇಳಿದರು, ಚುಚ್ಚುಮದ್ದಿನ ವಿಷಯ ಎತ್ತಲಿಲ್ಲ. ನಮ್ಮ ಅಕ್ಕನ ಮಗ ಅಮ್ಮ, ಅಜ್ಜ ಎಲ್ಲ ಹೇಳುತ್ತಿದ್ದ. ಒಂದೂವರೆ ವರ್ಷದ ಇಂಜೆಕ್ಷನ್ ಆದ ಮೇಲೆ ಮಾತು ನಿಂತಿತು. ಕಣ್ಣಾರೆ ಕಂಡದ್ದು.

ಕುಮಟಾ ಟೀಚರ್

ಅಣ್ಣ, ನೀವು ಕಂಡದ್ದು ಸುಳ್ಳು ಅನ್ನುವುದಿಲ್ಲ. ನನ್ನ ಮಗಳದ್ದೂ ಹೀಗೇ ಆಯಿತು. ಬಂದ ಮಾತು ಹೋಗುವುದು ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಒಂದೂವರೆ ವರ್ಷದ ಆಸುಪಾಸಿನಲ್ಲೇ. ದಡಾರದ ಇಂಜೆಕ್ಷನ್ ಎರಡನೇ ಡೋಸ್ ಬರುವುದೂ 16ರಿಂದ 24 ತಿಂಗಳಲ್ಲೇ. ಎರಡೂ ಒಂದೇ ಸಮಯಕ್ಕೆ ಬೀಳುತ್ತವೆ. 1998ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಹನ್ನೆರಡೇ ಮಕ್ಕಳನ್ನು ಇಟ್ಟುಕೊಂಡು, ದಡಾರ ಸೇರಿದ ಲಸಿಕೆಗೂ ಆಟಿಸಂಗೂ ನಂಟು ಇರಬಹುದು ಎಂದು ಬರೆದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆಯಿತು, ಅವರ ವೈದ್ಯ ಪರವಾನಗಿಯೂ ಹೋಯಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2019ರಲ್ಲಿ ಬಂತು. ಆ ಲಸಿಕೆ ಹಾಕಿಸಿಕೊಂಡವರಲ್ಲೂ ಹಾಕಿಸದವರಲ್ಲೂ ಆಟಿಸಂ ಒಂದೇ ಪ್ರಮಾಣ.

ನನಗೆ ಇದರಲ್ಲಿ ಸಿಟ್ಟು ಬರುವುದು ಇನ್ನೊಂದಕ್ಕೆ. ಬಸುರಿಯಲ್ಲಿ ರುಬೆಲ್ಲಾ (ಜರ್ಮನ್ ದಡಾರ) ತಗುಲಿದರೆ ಮಗುವಿಗೆ ಆಟಿಸಂ ಬರಬಹುದು ಎನ್ನುವುದು ಐವತ್ತು ವರ್ಷದಿಂದ ಗೊತ್ತಿರುವ ಸಂಗತಿ. ಅಮೆರಿಕದಲ್ಲಿ 1964ರ ರುಬೆಲ್ಲಾ ಹಾವಳಿಯ ಸಮಯ ಗರ್ಭದಲ್ಲೇ ಸೋಂಕು ತಗುಲಿದ್ದ 243 ಮಕ್ಕಳನ್ನು ಸ್ಟೆಲ್ಲಾ ಚೆಸ್ ಎಂಬ ವೈದ್ಯೆ ಪರೀಕ್ಷಿಸಿ, 18 ಮಕ್ಕಳಲ್ಲಿ ಆಟಿಸಂ ಪೂರ್ತಿಯಾಗಿ ಅಥವಾ ಅರೆಬರೆಯಾಗಿ ಇದೆ ಎಂದು 1971ರಲ್ಲಿ ಬರೆದರು. ಮಕ್ಕಳಿಗೆ ಕೊಡುವ ಎಂಆರ್ ಚುಚ್ಚುಮದ್ದಿನ ಎಂ ಅಂದರೆ ದಡಾರ, ಆರ್ ಅಂದರೆ ಅದೇ ರುಬೆಲ್ಲಾ. 2017ರಲ್ಲಿ ಆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಶಾಲೆಯಲ್ಲಿ ಒಪ್ಪಿಗೆ ಚೀಟಿ ಹಿಡಿದು ಮನೆಮನೆಗೆ ಹೋದವಳು ನಾನು. ಆಟಿಸಂ ತಡೆಯುವ ಲಸಿಕೆಯನ್ನೇ ಆಟಿಸಂ ಹೆಸರಲ್ಲಿ ಬೇಡ ಅನ್ನಬೇಡಿ ಅಣ್ಣ.

ಜೋಯಿಡಾದವಳು

ನಾನು ಇಲ್ಲಿ ಹೊಸಬಳು. ಮದುವೆಯಾಗಿ ಒಂದು ವರ್ಷ. ಹೈಸ್ಕೂಲಿನಿಂದ ಫಿಟ್ಸ್ ಇದೆ, ವಾಲ್ಪ್ರೊಯೇಟ್ ಗುಳಿಗೆ ತಗೊಳ್ತೇನೆ. ಈ ಗುಳಿಗೆಯಿಂದ ಮಗುವಿಗೆ ತೊಂದರೆ ಅಂತ ಎಲ್ಲೋ ಓದಿ ಎರಡು ದಿನದಿಂದ ನುಂಗಿಲ್ಲ. ಮನೆಯಲ್ಲಿ ಹೇಳಿಲ್ಲ. ಇನ್ನೂ ಬಸುರಿ ಅಲ್ಲ.

ಶಿರಸಿ ಮಕ್ಕಳ ಡಾಕ್ಟರ್

ತಂಗಿ, ಇದನ್ನು ಓದಿದ ಕೂಡಲೇ ನಿಮ್ಮ ಮಾಮೂಲಿ ಗುಳಿಗೆಯನ್ನು ಮತ್ತೆ ಶುರು ಮಾಡಿ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಎರಡು ದಿನ ತಪ್ಪಿದೆ ಎಂದು ಹೇಳಿ. ಮನೆಯವರಿಗೂ ಹೇಳಿ. ವಾಲ್ಪ್ರೊಯೇಟ್ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬರಬಹುದು, ಜೀವಕ್ಕೇ ಅಪಾಯ. ಬಾವಿಕಟ್ಟೆ, ಒಲೆ, ಹೊಳೆದಂಡೆಯ ಹತ್ತಿರ ಈ ಕೆಲವು ದಿನ ಒಬ್ಬರೇ ಹೋಗಬೇಡಿ.

ನೀವು ಓದಿದ್ದು ಮಾತ್ರ ನಿಜ. ಈ ಇಡೀ ಚರ್ಚೆಯಲ್ಲಿ ಔಷಧಗಳ ಪೈಕಿ ಗಟ್ಟಿ ಆಧಾರ ಇರುವುದು ಇದೊಂದಕ್ಕೇ. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಬಸುರಿಯಲ್ಲಿ ವಾಲ್ಪ್ರೊಯೇಟ್ ತಗೊಂಡವರ ಮಕ್ಕಳಲ್ಲಿ ಆಟಿಸಂ ಶೇ 4.42, ಉಳಿದವರಲ್ಲಿ ಶೇ 1.53. ಬೆನ್ನುಹುರಿ ಮುಚ್ಚಿಕೊಳ್ಳದಿರುವಂಥ ಅಂಗದೋಷ, ಕಲಿಕೆಯ ತೊಂದರೆಗಳೂ ಇದರಿಂದ ಹೆಚ್ಚು. ಡೋಸ್ ಏರಿದಷ್ಟೂ ಅಪಾಯ ಏರುತ್ತದೆ. ಬಸುರಿಯಾಗುವ ಮೊದಲೇ ನರರೋಗ ತಜ್ಞರು ಲ್ಯಾಮೊಟ್ರಿಜಿನ್ ಅಥವಾ ಲೆವೆಟಿರಾಸಿಟಾಮ್‌ನಂಥ ಬೇರೆ ಗುಳಿಗೆಗೆ ವಾರಗಟ್ಟಲೆ ತಗೊಂಡು ನಿಧಾನವಾಗಿ ಬದಲಾಯಿಸುತ್ತಾರೆ, ಫೋಲಿಕ್ ಆಸಿಡ್ ಜಾಸ್ತಿ ಡೋಸ್‌ನಲ್ಲಿ ಕೊಡುತ್ತಾರೆ. ಹುಬ್ಬಳ್ಳಿ ನಿಮಗೆ ಹತ್ತಿರ. ಬದಲಾವಣೆ ಮುಗಿಯುವ ತನಕ ಬಸುರಿಯಾಗದಂತೆ ನೋಡಿಕೊಳ್ಳಿ. ನೀವು ಈಗ ಕೇಳಿದ್ದು ಬಹಳ ಒಳ್ಳೆಯದಾಯಿತು. ಎಷ್ಟೋ ಹೆಣ್ಣುಮಕ್ಕಳು ನಮ್ಮ ಹತ್ತಿರ ಬರುವುದು ಮೂರು ತಿಂಗಳು ದಾಟಿದ ಮೇಲೆ.

ಸಿದ್ದಾಪುರದ ಅಜ್ಜಿ

ಹಳದಿ ಕಾಮಾಲೆಯ ವಿಷಯ ಯಾರೂ ಹೇಳಲಿಲ್ಲವಲ್ಲ. ನಮ್ಮ ಕಡೆ ಬಾಣಂತಿ ಕೋಣೆಯ ಕಿಟಕಿ ಹತ್ತಿರ ಎಳೆ ಬಿಸಿಲಿಗೆ ಮಗುವನ್ನು ಹಿಡಿಯುತ್ತಿದ್ದೆವು. ಮೊಮ್ಮಗಳು ಅದೂ ಬೇಡ ಅಂತಾಳೆ.

ಶಿರಸಿ ಮಕ್ಕಳ ಡಾಕ್ಟರ್

ಅಜ್ಜಿ, ಎಳೆ ಬಿಸಿಲು ನೀಲಿ ಲೈಟಿಗೆ ಸಮ ಅಲ್ಲ, ಮಳೆಗಾಲದಲ್ಲಿ ಬಿಸಿಲೇ ಇರುವುದಿಲ್ಲ. ಕಾಮಾಲೆಗೂ ಆಟಿಸಂಗೂ ನಂಟು ಇದೆ ಎಂದು ಡೆನ್ಮಾರ್ಕ್‌ನಲ್ಲಿ ಒಮ್ಮೆ ಕಂಡಿತ್ತು. ಆಮೇಲೆ ಅಮೆರಿಕದಲ್ಲಿ ಅವಧಿ, ತಾಯಿಯ ವಯಸ್ಸು ಇತ್ಯಾದಿ ಎಲ್ಲ ಹೊಂದಿಸಿ ನೋಡಿದಾಗ ಸಿಗಲಿಲ್ಲ. ಹೆದರಬೇಕಾದ್ದು ಬೇರೆಯದಕ್ಕೆ. ಹಳದಿ ತೀರಾ ಏರಿದರೆ ಕಿವಿ ಕೇಳುವ ನರ ಮತ್ತು ಮಿದುಳಿಗೆ ಶಾಶ್ವತ ಪೆಟ್ಟು ಬೀಳುತ್ತದೆ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಬಿಸಿಲಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ತನ್ನಿ. ಮೊಮ್ಮಗಳ ಮಾತು ಕೇಳಿ ಅಜ್ಜಿ.

ಕಾರವಾರ ನಿವಾಸಿ

ಕೈಗಾ ಅಣುಸ್ಥಾವರದಿಂದ ಇರಬಹುದೇ? ನಮ್ಮ ಕಡೆ ಜನ ಏನೇ ಕಾಯಿಲೆ ಬಂದರೂ ಮೊದಲು ನೆನೆಸುವುದು ಅದನ್ನೇ.

ಕುಮಟಾ ಟೀಚರ್

ಆಟಿಸಂಗೆ ಅಪಾಯದ ಅಂಶ ಎಂದು ದೃಢಪಟ್ಟವುಗಳಲ್ಲಿ ಅಣುಸ್ಥಾವರ ಇಲ್ಲ. ಹರಿಯಾಣದ ಪಲ್ವಲ್, ಹಿಮಾಚಲದ ಕಾಂಗ್ರಾ, ಒಡಿಶಾದ ಢೆಂಕನಾಲ್, ಹೈದರಾಬಾದ್, ಪಕ್ಕದ ಉತ್ತರ ಗೋವಾ, ಈ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ದೊಡ್ಡ ಅಧ್ಯಯನ 2018ರಲ್ಲಿ ಬಂದಿದೆ. ಆಟಿಸಂ ಹೆಚ್ಚುಕಡಿಮೆ ನೂರಕ್ಕೆ ಒಂದು ಮಗುವಿಗೆ. ಗುಡ್ಡಗಾಡಿನಲ್ಲೂ ಇದೆ, ಕರಾವಳಿಯಲ್ಲೂ ಇದೆ.

ಹೊನ್ನಾವರ ಸಿಸ್ಟರ್

ಟೀಚರ್ ಹೇಳಿದ ಆ ಅಧ್ಯಯನದಲ್ಲೇ ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಇದೆ. ಆಟಿಸಂ ಒಂದೇ ಅಲ್ಲ, ಫಿಟ್ಸ್, ಕಿವುಡು, ಬುದ್ಧಿಮಾಂದ್ಯ ಎಲ್ಲ ಸೇರಿಸಿ ನೋಡಿದಾಗ, ಮನೆಯಲ್ಲಿ ಹೆರಿಗೆಯಾದದ್ದು, ಹುಟ್ಟಿದಾಗ ಉಸಿರು ಕಟ್ಟಿದ್ದು, ತೂಕ ಕಡಿಮೆ ಇದ್ದದ್ದು, ಎಳೆಗೂಸಿನಲ್ಲಿ ಕಾಯಿಲೆ ಬಿದ್ದದ್ದು ಮುಖ್ಯವಾಗಿ ಕಂಡವು. ಇವೆಲ್ಲ ನಾವು ತಡೆಯಬಹುದಾದವು. ಹುಟ್ಟಿದ ಮೊದಲ ಒಂದು ನಿಮಿಷದಲ್ಲಿ ಮಗು ಅಳದಿದ್ದರೆ ಬ್ಯಾಗ್ ಮಾಸ್ಕ್ ಹಿಡಿದು ಉಸಿರು ಕೊಡುವ ಕೈ ಪಕ್ಕದಲ್ಲಿರಬೇಕು.

ನಮ್ಮ ಜಿಲ್ಲೆಯ ಕಷ್ಟ ಇಲ್ಲೇ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2022ರಲ್ಲಿ ಇಡೀ ಜಿಲ್ಲೆ ಕೂಗಿತು. ಕೆಳಗಿನವರು ಮಣಿಪಾಲ, ಮಂಗಳೂರು, ಗೋವಾಕ್ಕೆ, ಮೇಲಿನವರು ಹುಬ್ಬಳ್ಳಿಗೆ ಓಡುವುದು ಎಲ್ಲರಿಗೂ ಗೊತ್ತು. ಅರಬೈಲ್ ಘಟ್ಟದಲ್ಲೋ ದೇವಿಮನೆ ಘಟ್ಟದಲ್ಲೋ ಸಣ್ಣ ಮಗುವನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದು ಎಷ್ಟು ಕಷ್ಟ ಎಂದು ಜೊತೆಗೆ ಹೋದವರಿಗೆ ಗೊತ್ತು. ಒಂದು ಕಣ್ಣು ಸ್ಯಾಚುರೇಶನ್ (ರಕ್ತದ ಆಮ್ಲಜನಕದ ಮಟ್ಟ) ಕಡೆ, ಇನ್ನೊಂದು ತಿರುವಿನ ಕಡೆ. ಅದಕ್ಕೇ ಬಸುರಿಯರಿಗೂ ಮನೆಯವರಿಗೂ ಹೇಳುವುದು: ದಿನ ತುಂಬುವ ಮೊದಲೇ ನೋವು ಬರುವ ಲಕ್ಷಣ ಇದ್ದರೆ, ಬಿಪಿ ಏರಿದರೆ, ಮಗು ಹೊಟ್ಟೆಯಲ್ಲಿರುವಾಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಮಗುವಿಗೆ ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ಹೊರಡುವ ಮೊದಲು ಶ್ವಾಸಕೋಶ ಬಲಿಯುವ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದಾರಾ ಎಂದು ಕೇಳಿ. ತಾಯಿ ಕಾರ್ಡ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಇನ್ನೊಂದು, ಫೋಲಿಕ್ ಆಸಿಡ್. ನಾರ್ವೆಯ 85 ಸಾವಿರ ಮಕ್ಕಳ ಅಧ್ಯಯನದಲ್ಲಿ ಬಸುರಿಯಾಗುವ ಹೊತ್ತಿಗೇ ಅದನ್ನು ತಗೊಳ್ಳುತ್ತಿದ್ದವರ ಮಕ್ಕಳಲ್ಲಿ ಆಟಿಸಂನ ತೀವ್ರ ಬಗೆ ಶೇ 39ರಷ್ಟು ಕಡಿಮೆ ಕಂಡಿತ್ತು. ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವುದು ತಾಯಿ ಕಾರ್ಡ್ ಮಾಡಿಸಿದ ಮೇಲೆ. ಮಗು ಬೇಕು ಅನ್ನಿಸಿದ ದಿನದಿಂದಲೇ ಶುರು ಮಾಡಿ.

ಅಂಕೋಲಾ ಅಪ್ಪ

ಮೊದಲು ಬರೆದವಳು ನನ್ನ ಹೆಂಡತಿ. ನಿನ್ನೆ ರಾತ್ರಿ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ತಾಯಿಯ ಗರ್ಭದ ಪಾಲು ಶೇ 2ಕ್ಕೂ ಕಡಿಮೆ ಎನ್ನುವುದನ್ನು ಎರಡು ಸಲ ಓದಿಸಿದರು. ಆಮೇಲೆ "ಹಾಗಾದರೆ ನಮ್ಮ ಕಡೆಯದ್ದೂ ಇರಬಹುದು" ಅಂದರು. ಈಗ ನನ್ನ ಪ್ರಶ್ನೆ. ಮಗ ಹುಟ್ಟಿದಾಗ ನನಗೆ ನಲವತ್ತೊಂದು. ಗಂಡಸಿನ ವಯಸ್ಸೂ ಲೆಕ್ಕಕ್ಕೆ ಬರುತ್ತದಾ? ಮತ್ತೆ, ಇನ್ನೊಂದು ಮಗು ಆದರೆ ಅದಕ್ಕೂ ಬರುತ್ತದಾ? ಇಬ್ಬರಿಗೂ ಕೇಳಲು ಹೆದರಿಕೆ ಇತ್ತು, ಅದಕ್ಕೆ ನಾನೇ ಕೇಳುತ್ತಿದ್ದೇನೆ.

ಶಿರಸಿ ಮಕ್ಕಳ ಡಾಕ್ಟರ್

ಬರುತ್ತದೆ. ಐದು ದೇಶಗಳ 57 ಲಕ್ಷ ಮಕ್ಕಳ ಲೆಕ್ಕದಲ್ಲಿ, ಇಪ್ಪತ್ತರ ಹರೆಯದ ಅಪ್ಪಂದಿರಿಗೆ ಹೋಲಿಸಿದರೆ ನಲವತ್ತರ ಹರೆಯದವರ ಮಕ್ಕಳಲ್ಲಿ ಆಟಿಸಂ ಶೇ 28ರಷ್ಟು, ಐವತ್ತು ದಾಟಿದವರಲ್ಲಿ ಶೇ 66ರಷ್ಟು ಹೆಚ್ಚು. ವಯಸ್ಸಾದಂತೆ ವೀರ್ಯಾಣುವಿನಲ್ಲಿ ಹೊಸ ಬದಲಾವಣೆಗಳು ಕೂಡುತ್ತ ಹೋಗುತ್ತವೆ, ವರ್ಷಕ್ಕೆ ಸುಮಾರು ಎರಡು ಎಂದು ಐಸ್‌ಲೆಂಡಿನವರು 2012ರಲ್ಲಿ ತೋರಿಸಿದರು. ಆದರೆ ನೂರಕ್ಕೆ ಒಂದು ಇದ್ದದ್ದು ಶೇ 28 ಹೆಚ್ಚಾದರೆ ನೂರಕ್ಕೆ ಒಂದೂಕಾಲು ಚಿಲ್ಲರೆ, ಅಷ್ಟೇ. ಇದನ್ನು ಹಿಡಿದುಕೊಂಡು ನೀವೂ ಕೊರಗುವುದು ಬೇಡ.

ಎರಡನೇ ಮಗುವಿನ ವಿಷಯ ನೇರವಾಗಿ ಹೇಳುತ್ತೇನೆ. ಒಂದು ಮಗುವಿಗೆ ಆಟಿಸಂ ಇದ್ದರೆ ಮುಂದಿನದಕ್ಕೂ ಇರುವ ಸಾಧ್ಯತೆ ನೂರಕ್ಕೆ ಸುಮಾರು ಇಪ್ಪತ್ತು. ಗಂಡಾದರೆ ತುಸು ಹೆಚ್ಚು, ಹೆಣ್ಣಾದರೆ ಕಡಿಮೆ. ಬೇಕೋ ಬೇಡವೋ ಎನ್ನುವುದು ನೀವಿಬ್ಬರೂ ಕೂತು ತೀರ್ಮಾನಿಸುವ ವಿಷಯ, ಅದರಲ್ಲಿ ನಾನಾಗಲಿ ನೆಂಟರಾಗಲಿ ಬಾಯಿ ಹಾಕಬಾರದು. ಬೇಕು ಎಂದಾದರೆ ಮೊದಲು ಮಗನಿಗೆ ಕ್ರೋಮೊಸೋಮಲ್ ಮೈಕ್ರೋಅರೇ ಮತ್ತು ಫ್ರಜೈಲ್ ಎಕ್ಸ್ ಎಂಬ ವಂಶವಾಹಿ ರಕ್ತಪರೀಕ್ಷೆ ಮಾಡಿಸಿ. ಏನಾದರೂ ಸಿಕ್ಕರೆ ವಂಶವಾಹಿ ತಜ್ಞರು ನಿಮ್ಮ ಕುಟುಂಬದ ಸಾಧ್ಯತೆಯನ್ನು ಇನ್ನೂ ಸರಿಯಾಗಿ ಹೇಳುತ್ತಾರೆ. ನಿಮ್ಮ ಹೆಂಡತಿ ಬಿಪಿ, ಸಕ್ಕರೆ ಎರಡನ್ನೂ ಮೊದಲೇ ನೋಡಿಸಿಕೊಳ್ಳಲಿ. ಮಗು ಹುಟ್ಟಿದ ಮೇಲೆ ಒಂದು ವರ್ಷಕ್ಕೆ ಹೆಸರಿಗೆ ತಿರುಗುತ್ತದಾ, ಒಂದೂವರೆ ವರ್ಷಕ್ಕೆ ಬೆರಳು ಮಾಡಿ ತೋರಿಸುತ್ತದಾ ಎಂದು ಗಮನಿಸಿ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಇದೆ, ಹತ್ತು ನಿಮಿಷದ ಕೆಲಸ.

ಈಗ ತುರ್ತು ಇರುವುದು ಮಗನದ್ದು. ನೀಲಿ ಲೈಟಿನಲ್ಲಿ ಇದ್ದ ಮಗು, ಅವಧಿಗೆ ಮುಂಚೆ ಹುಟ್ಟಿದ ಮಗು, ಆದ್ದರಿಂದ ಬೇರಾ ಎಂಬ ಶ್ರವಣ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ. ರೈಲಿನ ಸದ್ದು ಕೇಳಿದ ಮಾತ್ರಕ್ಕೆ ಮಾತಿನ ಸಣ್ಣ ಧ್ವನಿಯೂ ಕೇಳುತ್ತದೆ ಎಂದಲ್ಲ. ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ ಎರಡನ್ನೂ ಈ ತಿಂಗಳೇ ಶುರು ಮಾಡಿ, ಮೂರು ತುಂಬಲಿ ಎಂದು ಕಾಯಬೇಡಿ.

ಕುಮಟಾ ಟೀಚರ್

ಜಿಲ್ಲಾ ಆಸ್ಪತ್ರೆಗೆ ಹೋದಾಗ ಡಿಇಐಸಿ ಎಂದು ಕೇಳಿ. ಸಣ್ಣ ಮಕ್ಕಳ ಬೆಳವಣಿಗೆಯ ತೊಂದರೆಗೆಂದೇ ಸರ್ಕಾರ ಮಾಡಿದ ವ್ಯವಸ್ಥೆ ಅದು. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡದವರೂ ಅಲ್ಲಿಗೆ ಚೀಟಿ ಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲು ಇದೆ. ಹೋಗುವಾಗ ಎನ್‌ಐಸಿಯು ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡ್, ಮಣಿಪಾಲದ ರಿಪೋರ್ಟ್ ಮೂರರದ್ದೂ ಜೆರಾಕ್ಸ್ ಇಟ್ಟುಕೊಳ್ಳಿ. ಮಗನಿಗೆ ತಿರುಗಿಸಲು ಒಂದು ಡಬ್ಬಿಯ ಮುಚ್ಚಳವನ್ನೂ ಒಯ್ಯಿರಿ, ಹೊರಗೆ ಕಾಯುವುದು ತಡವಾಗುತ್ತದೆ.

ಜೋಯಿಡಾದವಳು

ಡಾಕ್ಟ್ರೇ, ನಿನ್ನೆ ಸಂಜೆಯೇ ಗುಳಿಗೆ ಶುರು ಮಾಡಿದೆ. ಮನೆಯವರಿಗೂ ಹೇಳಿದೆ. ಸೋಮವಾರ ಹುಬ್ಬಳ್ಳಿಗೆ ಹೋಗುತ್ತಿದ್ದೇವೆ, ಅತ್ತೆಯೂ ಬರುತ್ತೇನೆ ಅಂದಿದ್ದಾರೆ.